ಬಾಗಿಲಿಲ್ಲದವರ ಮನೆ ಬಾಗಿಲಿಗೆ

ನಮ್ಮ ರಾಜ್ಯದಲ್ಲಿ ಯಾವ ಯೋಜನೆ ಹುಟ್ಟಿದರೂ ಅದು ಮೊದಲು ಹೊರಡುವುದು ಮನೆ ಬಾಗಿಲಿಗೆ. ಪಿಂಚಣಿ ಮನೆ ಬಾಗಿಲಿಗೆ, ಪಹಣಿ ಮನೆ ಬಾಗಿಲಿಗೆ, ಈಗ ಕಣ್ಣಿನ ತಪಾಸಣೆಯೂ ಮನೆ ಬಾಗಿಲಿಗೆ. ಹೆಸರು ಆಶಾಕಿರಣ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣು ನೋಡುತ್ತಾರೆ, ಬೇಕಾದವರಿಗೆ ಮುಂದಿನ ತಪಾಸಣೆ, ಆಮೇಲೆ ಪುಕ್ಕಟೆ ಕನ್ನಡಕ. ಒಳ್ಳೆಯ ಯೋಜನೆ. ಅದರ ಬಗ್ಗೆ ಕೊಂಕು ಮಾತಾಡಿದರೆ ನನ್ನ ಕಣ್ಣೇ ಹೋದೀತು. ನನ್ನ ತಕರಾರೆಲ್ಲ ಬಾಗಿಲಿನ ಬಗ್ಗೆ.

ನಮ್ಮ ಬಡಾವಣೆಯ ಹೂವಿನಜ್ಜಿಗೆ ಬಾಗಿಲಿಲ್ಲ. ಹಗಲು ಮೆಟ್ರೋ ಕಂಬದ ಬುಡ, ರಾತ್ರಿ ಪಕ್ಕದ ಗಣೇಶನ ಗುಡಿಯ ಜಗಲಿ. ಗಣೇಶನಿಗೆ ಬಾಗಿಲಿದೆ, ಅದಕ್ಕೆ ಎರಡು ಬೀಗ ಇದೆ, ಒಂದು ಸಿಸಿಟಿವಿ ಕಣ್ಣೂ ಇದೆ. ಆಶಾ ಕಾರ್ಯಕರ್ತೆ ಹುಡುಕಿಕೊಂಡು ಅಲ್ಲಿಯ ತನಕ ಬಂದಳು ಅಂತಲೇ ಇಟ್ಟುಕೊಳ್ಳಿ. ಪಾಪ, ಆಕೆ ಬಡಿಯಬೇಕಾದ್ದು ಯಾವುದನ್ನು? ಗಣೇಶನಿಗಂತೂ ಚಾಳೀಸು ಬಂದಿಲ್ಲ.

ಅಜ್ಜಿ ಹೂ ಕಟ್ಟುವುದನ್ನು ನೀವು ನೋಡಬೇಕು. ಎರಡು ಮೊಗ್ಗು ಈಕಡೆ, ಎರಡು ಮೊಗ್ಗು ಆಕಡೆ, ಬಾಳೆನಾರಿನ ಒಂದು ಸುತ್ತು, ಒಂದು ಎಳೆತ. ಕಣ್ಣು ಮುಚ್ಚಿಕೊಂಡೇ ಮೊಳಗಟ್ಟಲೆ ಕಟ್ಟುತ್ತಾಳೆ. ತೆರೆದರೂ ಅಂಥ ವ್ಯತ್ಯಾಸವೇನಿಲ್ಲವಂತೆ. ತಾಪತ್ರಯ ಶುರುವಾಗುವುದು ಹೂ ಮಾರಿದ ಮೇಲೆ, ಚಿಲ್ಲರೆ ಕೊಡುವಾಗ. ನೋಟನ್ನು ಬೆರಳಿನಲ್ಲಿ ಅಳೆಯುತ್ತಾಳೆ. ಈಗಿನ ನೂರರ ನೋಟಿಗಿಂತ ಇನ್ನೂರರದು ಉದ್ದದಲ್ಲಿ 4 ಮಿಲಿಮೀಟರ್ ಹೆಚ್ಚು, ಐನೂರರದು ಅದಕ್ಕಿಂತ ಇನ್ನು 4 ಮಿಲಿಮೀಟರ್. ಅಕ್ಕಸಾಲಿಗನಿಗೂ ಕಷ್ಟವಾಗುವ ಲೆಕ್ಕ ಇದು. ವರಮಹಾಲಕ್ಷ್ಮಿ ಹಬ್ಬದ ದಿನ, ದೇವರಿಗೆಂದೇ ಹೂ ಕೊಂಡವರು, ನೂರೆಂದು ಅಜ್ಜಿ ವಾಪಸು ಕೊಟ್ಟ ಇನ್ನೂರನ್ನು ಸುಮ್ಮನೆ ಪರ್ಸಿಗೆ ಇಳಿಸಿಕೊಂಡು ಹೋದದ್ದುಂಟು. ಹಣ ಬಂದ ಕೂಡಲೇ ಕೂಗಿ ಹೇಳುವ ಡಬ್ಬಿಯೊಂದನ್ನು ಎಲ್ಲ ಅಂಗಡಿಗಳಲ್ಲೂ ಇಟ್ಟಿದ್ದಾರಲ್ಲ, ಅದನ್ನೊಂದು ಇಟ್ಟುಕೋ ಅಂದೆ. ಡಬ್ಬಿಗೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ವಿಳಾಸ ಬೇಕು. ತಿರುಗಿ ಬಾಗಿಲ ಹತ್ತಿರವೇ ಬಂದು ನಿಂತೆವು.

ಹೀಗಿರುವಾಗ ನಮ್ಮ ವಾರ್ಡಿನ ಸಮುದಾಯ ಭವನದಲ್ಲಿ ‘ಬೃಹತ್ ಉಚಿತ ನೇತ್ರ ತಪಾಸಣಾ ಶಿಬಿರ’ ಏರ್ಪಾಟಾಯಿತು. ‘ಬೃಹತ್’ ಅನ್ನುವುದು ಶಿಬಿರಕ್ಕೆ ಹೇಳಿದ್ದೋ ಫ್ಲೆಕ್ಸಿಗೆ ಹೇಳಿದ್ದೋ ಗೊತ್ತಾಗಲಿಲ್ಲ. ಫ್ಲೆಕ್ಸಿನಲ್ಲಿ ಹದಿನಾಲ್ಕು ಮುಖ. ಮುಖ್ಯ ಅತಿಥಿಗಳು, ಘನ ಉಪಸ್ಥಿತಿಯವರು, ಅವರ ಅಭಿಮಾನಿ ಬಳಗದವರು, ಬಳಗದ ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಶುಭ ಕೋರುವವರು. ಅರ್ಧಕ್ಕರ್ಧ ಮಂದಿ ತಂಪು ಕನ್ನಡಕ ಹಾಕಿದ್ದರು. ಕಣ್ಣಿನ ಡಾಕ್ಟರ ಮುಖ ಮಾತ್ರ ಇರಲಿಲ್ಲ. ಜಾಗ ಸಾಲದೆ ಬಿಟ್ಟುಹೋಗಿರಬೇಕು.

ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂದಿದ್ದರು, ಹೋದೆವು. ಭಾನುವಾರ, ಮದುವೆಗಳ ದಿನ, ಹೂವಿಗೆ ಬೆಲೆಯಿರುವ ದಿನ. ಅಜ್ಜಿ ಬುಟ್ಟಿಗೆ ಒದ್ದೆ ಗೋಣಿ ಹೊದಿಸಿ, ಪಕ್ಕದ ಎಳನೀರಿನವನಿಗೆ ಹೇಳಿ ಬಂದಿದ್ದಳು. ಶಿಬಿರ ‘ಉಚಿತ’ ಅನ್ನುವಾಗ ಈ ಬುಟ್ಟಿಯ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ.

ನೋಂದಣಿ ಮೇಜಿನಲ್ಲಿ ಚುರುಕಾದ ಹುಡುಗನೊಬ್ಬ ಕೂತಿದ್ದ.

“ವಯಸ್ಸು ಎಷ್ಟಜ್ಜಿ?”

“ಇಂದ್ರಾಗಾಂದಿ ಸತ್ತಾಗ ನನ್ ಮಗ್ಳಿಗೆ ಮದ್ವೆ ಆಗಿತ್ತು ಕಣಪ್ಪಾ.”

ಹುಡುಗ ಫೋನಿನಲ್ಲಿ ಇಂದಿರಾ ಗಾಂಧಿ ತೀರಿಕೊಂಡ ವರ್ಷ ಹುಡುಕಿದ, ಬೆರಳು ಮಡಚಿ ಎಣಿಸಿದ, ಲೆಕ್ಕ ಕೂಡಲಿಲ್ಲ. 60 ಅಂತ ಬರೆದ.

“ವಿಳಾಸ?”

“ಕಂಬದತ್ರ.”

ನಾನು ನಡುವೆ ಬಾಯಿ ಹಾಕಿ ಮೆಟ್ರೋ ಕಂಬದ ನಂಬರು ಹೇಳಿದೆ. “ಸರ್, ಕಂಬ ಎಲ್ಲ ವಿಳಾಸ ಆಗಲ್ಲ” ಅಂದ. ಇದೇ ನಂಬರು ಹೇಳಿದರೆ ಬೆಂಗಳೂರಿನ ಯಾವ ಮೂಲೆಯಿಂದಲೂ ಮುಕ್ಕಾಲು ಗಂಟೆಯಲ್ಲಿ ಬಿಸಿ ಬಿರಿಯಾನಿ ಬರುತ್ತದೆ. ಅರ್ಧ ಊರಿನ ಜನ ಈಗ ತಮ್ಮ ಮನೆ ತೋರಿಸುವುದೇ ಕಂಬದ ನಂಬರಿನಿಂದ. ಬಿರಿಯಾನಿಗೆ ವಿಳಾಸವಾದದ್ದು ಅಜ್ಜಿಗೆ ಆಗಲಿಲ್ಲ.

ಆಧಾರ್ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟದ ಚೀಲದಲ್ಲಿ ಇಟ್ಟುಕೊಂಡಿದ್ದಳು. ಅದರಲ್ಲಿ ಪಾವಗಡ ತಾಲ್ಲೂಕಿನ ಊರೊಂದರ ಹೆಸರಿತ್ತು. “ಶಿಬಿರ ಈ ವಾರ್ಡಿನವರಿಗೆ ಮಾತ್ರ ಸರ್, ಇವ್ರು ಪಾವಗಡದಲ್ಲಿ ತೋರಿಸ್ಕೋಬೇಕು.” ಅಜ್ಜಿ ಪಾವಗಡ ಬಿಟ್ಟು ಇಪ್ಪತ್ತು ವರ್ಷವಾಯಿತು, ಅಲ್ಲಿಯ ಮನೆ ಬಿದ್ದು ಹನ್ನೆರಡು. ಆಧಾರ್ ಮಾಡಿಸುವಾಗ ಎರಡೂ ಕಣ್ಣಿನ ಪಾಪೆಯನ್ನು ಯಂತ್ರದಲ್ಲಿ ಚಿತ್ರ ತೆಗೆದಿದ್ದರಲ್ಲ, ಅದು ನೆನಪಾಯಿತು. ಅಂದರೆ ಅಜ್ಜಿಯ ಕಣ್ಣಿನ ಗುರುತು ಭಾರತ ಸರ್ಕಾರಕ್ಕೆ ಗೆರೆಗೆರೆ ಸಮೇತ ಇದೆ. ಕಣ್ಣು ಕಾಣುತ್ತದೋ ಇಲ್ಲವೋ ಅನ್ನುವುದು ಬೇರೆ ಇಲಾಖೆ.

ಕೊನೆಗೆ ನನ್ನ ವಿಳಾಸ, ನನ್ನ ಮೊಬೈಲು, ನನಗೆ ಬಂದ ಓಟಿಪಿ. ಅಜ್ಜಿಯ ಎರಡೂ ಕಣ್ಣಿಗೆ ನಾನು ಜಾಮೀನು ನಿಂತೆ. ಟೋಕನ್ ನಂಬರ್ 117.

ಡಾಕ್ಟರು ಬಂದಿದ್ದರು, ಸಿಸ್ಟರುಗಳು ಬಂದಿದ್ದರು, ಯಂತ್ರಗಳೂ ಬಂದಿದ್ದವು. ಆದರೆ ಉದ್ಘಾಟನೆಯಾಗದೆ ಕಣ್ಣು ನೋಡುವಂತಿಲ್ಲ. ಹನ್ನೊಂದೂಕಾಲಿಗೆ ಮುಖ್ಯ ಅತಿಥಿ ಬಂದರು. ದೀಪ ಬೆಳಗಿಸಿದರು, ಫ್ಯಾನ್ ಆರಿಸಿತು, ಮತ್ತೆ ಬೆಳಗಿಸಿದರು. ಆರು ಜನ ಭಾಷಣ ಮಾಡಿದರು. ಐವರು ‘ಸರ್ವೇಂದ್ರಿಯಾಣಾಂ ನಯನಂ ಪ್ರಧಾನಂ’ ಅಂದರು. ಆರನೆಯವರು ಕವಿ, ಅದನ್ನೇ ಕನ್ನಡದಲ್ಲಿ ಹೇಳಿದರು. ಆಮೇಲೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಹಾರಗಳ ಗಾಡಿ ಪಕ್ಕದಲ್ಲೇ ಹಾದುಹೋದಾಗ ಅಜ್ಜಿ ಮೂಗೆಳೆದು, “ಇವು ಪಿಲಾಸ್ಟಿಕ್ಕು” ಅಂದಳು. ಆ ಸಭೆಯಲ್ಲಿ ಅಂದು ನಡೆದ ಮೊದಲ ಸರಿಯಾದ ತಪಾಸಣೆ ಅದು.

ಇನ್ನು ಅಕ್ಷರದ ಚಾರ್ಟು. ದೂರದ ದೃಷ್ಟಿ ನೋಡಲು ಚಾರ್ಟಿಗೂ ರೋಗಿಗೂ ನಡುವೆ 6 ಮೀಟರ್ ಇರಬೇಕು, ಅಂದರೆ ಇಪ್ಪತ್ತು ಅಡಿ. ವೇದಿಕೆ, ವೇದಿಕೆಗೆ ಸೋಫಾ, ಸೋಫಾದ ಹಿಂದೆ ಎಲ್‌ಇಡಿ ಪರದೆ, ಇಷ್ಟೆಲ್ಲ ಇಟ್ಟ ಮೇಲೆ ಭವನದಲ್ಲಿ ಹತ್ತು ಅಡಿ ಉಳಿಯಿತು. ಚಾರ್ಟನ್ನು ಅಲ್ಲಿಗೇ ತಂದು ನೇತು ಹಾಕಿದರು. ಆ ಭಾನುವಾರ ನಮ್ಮ ವಾರ್ಡಿನ ಸಮಸ್ತ ನಾಗರಿಕರ ದೃಷ್ಟಿ ಏಕಾಏಕಿ ಎರಡು ಪಟ್ಟು ಸುಧಾರಿಸಿತು.

ನಗಬೇಡಿ, ದೇಶವೂ ಒಮ್ಮೆ ಹೀಗೇ ಸುಧಾರಿಸಿದೆ. ನಮ್ಮ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. 6 ಮೀಟರ್ ದೂರದಿಂದ ಬೆರಳೆಣಿಸಲು ಆಗದವನು ಅಂಧ ಅನ್ನುವುದು ನಮ್ಮಲ್ಲಿ ಬಹುಕಾಲದ ಲೆಕ್ಕ. 2017ರಲ್ಲಿ ಅದನ್ನು 3 ಮೀಟರಿಗೆ ತಂದರು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಸರಿಹೊಂದಲಿ ಅನ್ನುವುದು ಕಾರಣ, ಕಾರಣ ಸರಿಯಾದದ್ದೇ. ಆದರೆ ಆಗಿನ ಪತ್ರಿಕೆಗಳ ಲೆಕ್ಕದಲ್ಲಿ ಒಂದೇ ಏಟಿಗೆ ದೇಶದ ಅಂಧರು 1.2 ಕೋಟಿಯಿಂದ 80 ಲಕ್ಷಕ್ಕೆ ಇಳಿದರು. ಒಂದು ತೊಟ್ಟು ಔಷಧ ಖರ್ಚಾಗಲಿಲ್ಲ, ಒಂದು ಬ್ಯಾಂಡೇಜು ಬಿಚ್ಚಲಿಲ್ಲ. ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ಅಲೆದು, ಸಿಕ್ಕ ಜಾಗದಲ್ಲಿ ಶಿಬಿರ ಹೂಡಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ಪುಸ್ತಕ ಸೇರಿದರು ಅಂತ ನಾವು ಹೆಮ್ಮೆ ಪಡುತ್ತೇವೆ. ಅಳತೆ ಬದಲಿಸಿದ ಆ ಕಾಗದದ ಮುಂದೆ 833 ಏನು ಮಹಾ? ಅದು ಕೂತಲ್ಲಿಂದ ಏಳದೆ 40 ಲಕ್ಷ ಮಾಡಿತು.

(ಮೋದಿಯವರ ಕಾಲದಂತೆ ಶಾಲೆ ಛತ್ರಗಳಲ್ಲಿ ಈಗ ಕಣ್ಣಿನ ಆಪರೇಷನ್ ಮಾಡುವಂತಿಲ್ಲ. ಸೋಂಕಿನ ಭಯ, ನಿಯಮ ಸರಿಯಾಗಿಯೇ ಇದೆ. ಶಿಬಿರದಲ್ಲಿ ತಪಾಸಣೆ, ಆಪರೇಷನ್ ಆಸ್ಪತ್ರೆಯಲ್ಲಿ. ಆದರೆ ಕಣ್ಣು ಕಾಣದವರು ಇರುವ ಕಡೆಗೆ ವೈದ್ಯ ಹೋಗಬೇಕು ಅನ್ನುವುದನ್ನೂ ಆ ಟೆಂಟಿನ ಜೊತೆಗೇ ಕಿತ್ತು ಮಡಚಿಟ್ಟೆವು. ಈಗ ವೈದ್ಯರು ಹೋಗುವುದು ಮುಖ್ಯ ಅತಿಥಿ ಇರುವ ಕಡೆಗೆ.)

ಮಧ್ಯಾಹ್ನ ಒಂದೂವರೆಗೆ 117 ಕರೆದರು. ಚಾರ್ಟಿನ ಹತ್ತಿರ ಇದ್ದದ್ದು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ಬೆಳಗಿನಿಂದ ನಿಂತೇ ಇದ್ದಳು. “ಓದಿ ಅಮ್ಮ” ಅಂದಳು.

“ಅಕ್ಸರ ಬಂದಿದ್ರೆ ಹೂ ಯಾಕವ್ವಾ ಕಟ್ತಿದ್ದೆ?”

ಹುಡುಗಿ ನಕ್ಕು, ಇಂಗ್ಲಿಷಿನ ಇ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿದ ಇನ್ನೊಂದು ಚಾರ್ಟು ತೆಗೆದಳು. “ಇದರ ಕಾಲು ಯಾವ ಕಡೆ ಇದೆ, ಕೈಯಲ್ಲಿ ತೋರಿಸಿ ಸಾಕು.” ಅಜ್ಜಿ ಮೂರು ಬೆರಳು ಚಾಚಿ ತೋರಿಸಿದಳು. ಮೊದಲ ಸಾಲು ಸರಿ, ಎರಡನೆಯದು ಅರ್ಧ, ಮೂರನೆಯದಕ್ಕೆ ಕೈ ಗಾಳಿಯಲ್ಲೇ ನಿಂತಿತು. ಹುಡುಗಿ ನೆಲದ ಮೇಲಿನ ಗೆರೆ ನೋಡಿದಳು, ವೇದಿಕೆ ನೋಡಿದಳು, ಕುರ್ಚಿ ಸಮೇತ ಅಜ್ಜಿಯನ್ನು ಬಾಗಿಲಿನಿಂದಾಚೆ ವರಾಂಡಕ್ಕೆ ಎಳೆದುಕೊಂಡು ಹೋಗಿ ಇಪ್ಪತ್ತು ಅಡಿ ಮಾಡಿಕೊಂಡು ಮತ್ತೆ ನೋಡಿದಳು. ಈಗ ಮೊದಲ ಸಾಲೂ ಇಲ್ಲ. ಟಾರ್ಚು ಬಿಟ್ಟು ನೋಡಿ, ಬಲಗಣ್ಣಿಗೆ ಪೊರೆ ಬಲಿತಿದೆ, ಎಡಗಣ್ಣಿಗೆ ಈಗ ಬರುತ್ತಿದೆ, ಹತ್ತಿರಕ್ಕೆ ಪ್ಲಸ್ ಮೂರು ಬೇಕು ಅಂತ ಬರೆದುಕೊಟ್ಟಳು. ಐದು ನಿಮಿಷ. ಬೆಳಗಿನ ಎಂಟರಿಂದ ಆ ಭವನದಲ್ಲಿ ಅಜ್ಜಿಗಾಗಿ ನಡೆದ ಕೆಲಸ ಇಷ್ಟು. ಅದನ್ನು ಮಾಡಿದವಳ ಹೆಸರು ಫ್ಲೆಕ್ಸಿನಲ್ಲೂ ಇಲ್ಲ, ವಂದನಾರ್ಪಣೆಯಲ್ಲೂ ಬರಲಿಲ್ಲ.

ನಂತರ ಫೋಟೋ. ‘ಸಾಂಕೇತಿಕವಾಗಿ’ ಐವರಿಗೆ ಕನ್ನಡಕ ವಿತರಣೆಯಂತೆ. ಅಜ್ಜಿಯ ಮುಖದಲ್ಲಿ ಒಳ್ಳೆಯ ಸುಕ್ಕುಗಳಿದ್ದದ್ದರಿಂದ ಅವಳು ಆಯ್ಕೆಯಾದಳು. ಮುಖ್ಯ ಅತಿಥಿ ಕನ್ನಡಕ ತೊಡಿಸಿದರು. “ಅಜ್ಜಿ, ಗ್ಲಾಸಲ್ಲಿ ಲೈಟ್ ಹೊಡೀತಾ ಇದೆ, ಸ್ವಲ್ಪ ತೆಗೀರಿ” ಅಂದ ಫೋಟೋಗ್ರಾಫರ್. ತೆಗೆದಳು. ಕೈಯಲ್ಲಿ ಹಿಡಿದ ಕನ್ನಡಕದ ಜೊತೆ ಫೋಟೋ ಆಯಿತು. ಆಮೇಲೆ ಆ ಕನ್ನಡಕವನ್ನೂ ಇಸಿದುಕೊಂಡರು, ಅದು ಸ್ಯಾಂಪಲ್. “ನಿಮ್ದು ಮೂರು ವಾರಕ್ಕೆ ಬರುತ್ತೆ, ಮೊಬೈಲಿಗೆ ಮೆಸೇಜ್ ಹಾಕ್ತೀವಿ.” ಮೊಬೈಲು ನನ್ನದು. ಅಂದಿನಿಂದ ಅದಕ್ಕೆ ಸಾಲ ಬೇಕೇ, ಸೈಟ್ ಬೇಕೇ, ಕೂದಲು ಕಸಿ ಬೇಕೇ ಅಂತ ಮೆಸೇಜು ಬರುತ್ತಲೇ ಇದೆ. ಆ ಒಂದು ಮಾತ್ರ ಬಂದಿಲ್ಲ.

ಕನ್ನಡಕದ ಕಥೆ ಹೇಗೋ ಇರಲಿ, ಫುಟ್‌ಪಾತಿನಲ್ಲಾದರೂ ಸಿಗುತ್ತದೆ. ಕಷ್ಟವಿರುವುದು ಪೊರೆಯದು. ಆಪರೇಷನ್ ಉಚಿತ, ಅದೂ ಕಾಲು ಗಂಟೆ ಇಪ್ಪತ್ತು ನಿಮಿಷದ ಕೆಲಸ. ಕೈಗೆ ಕೊಟ್ಟ ಚೀಟಿ ಓದಿದೆ. ಜೊತೆಗೊಬ್ಬರು ಬರಬೇಕು. ಆಪರೇಷನ್ ಆದ ಮೇಲೆ ಮೊದಲ ದಿನಗಳಲ್ಲಿ ಹೊತ್ತು ಹೊತ್ತಿಗೆ ಹನಿ ಹಾಕಬೇಕು. ತಲೆಯ ಮೇಲೆ ನೀರು ಸುರಿದುಕೊಳ್ಳಬಾರದು. ಭಾರ ಎತ್ತಬಾರದು. ದೂಳು ಹೊಗೆಯಿಂದ ದೂರ ಇರಬೇಕು. ಹೇಳಿದ ದಿನ ತೋರಿಸಲು ಬರಬೇಕು. ಇವೆಲ್ಲ ಸರಿಯಾದ ಸೂಚನೆಗಳೇ, ಮನೆ ಇದ್ದವರಿಗೆ.

“ದೂಳಿಂದ ದೂರ ಅಂದ್ರೆ ಎಲ್ಲಿಗೋಗದಪ್ಪಾ, ಪಾವಗಡಕ್ಕಾ?” ಅಂದಳು ಅಜ್ಜಿ. ಪಾವಗಡ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಕಾಲು ಗಂಟೆಯ ಆಪರೇಷನ್ನಿಗೆ ದೇಶ ಸಜ್ಜಾಗಿದೆ. ಅದರ ಮುಂದಿನ ಒಂದು ತಿಂಗಳಿಗೆ ಯಾರೂ ಸಜ್ಜಾಗಿಲ್ಲ. ಹನಿಯ ಬಾಟಲಿ ಇಡಲು ಒಂದು ಗೂಡು, ಅದನ್ನು ಹಾಕಲು ಇನ್ನೊಬ್ಬರ ಕೈ, “ಅಜ್ಜೀ, ಮಧ್ಯಾಹ್ನದ್ದು ಹಾಕ್ಕೊಂಡ್ಯಾ?” ಅಂತ ಕೇಳುವ ಒಂದು ಬಾಯಿ. ಬಡವರು ಉಚಿತ ಕೊಟ್ಟರೂ ಬರುವುದಿಲ್ಲ, ಅಜ್ಞಾನ, ಅಂತ ವೇದಿಕೆಯಲ್ಲಿ ಒಬ್ಬರು ಬಹಳ ನೊಂದುಕೊಂಡರು. ಮಧುರೈನ ಅರವಿಂದ ಕಣ್ಣಾಸ್ಪತ್ರೆ 1976ರಿಂದ ಇದೇ ಕಸುಬಿನಲ್ಲಿದೆ. ಆ ಸೀಮೆಯ ಹಳ್ಳಿಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಣ್ಣಿನ ತೊಂದರೆ ಇದ್ದವರ ಪೈಕಿ ಶಿಬಿರಕ್ಕೆ ಬಂದವರು ನೂರಕ್ಕೆ ಏಳು ಮಂದಿ ಅಂತ ಲೆಕ್ಕ ಸಿಕ್ಕಿತು. ಉಚಿತ ಅಂದರೂ ಬಸ್ ಚಾರ್ಜು, ಬಿಟ್ಟ ಕೂಲಿ, ಜೊತೆಗೆ ಬರುವವರ ಬಿಟ್ಟ ಕೂಲಿ, ಆಪರೇಷನ್ನಿನ ಭಯ. ಅರವಿಂದದವರು ಅದನ್ನು ಅಜ್ಞಾನ ಅಂತ ಕರೆದು ಸುಮ್ಮನಾಗಲಿಲ್ಲ. ಊರಿಗೇ ಬಸ್ಸು ಕಳಿಸಿದರು, ಆಸ್ಪತ್ರೆಯಲ್ಲಿ ಊಟ ಹಾಕಿದರು, ಸಣ್ಣ ಊರುಗಳಲ್ಲಿ ದಿನವೂ ತೆರೆದಿರುವ ದೃಷ್ಟಿ ಕೇಂದ್ರ ಮಾಡಿದರು. ಪೇಟ ತೊಡಿಸಿದ ವರದಿ ಇಲ್ಲ.

ನಮ್ಮಲ್ಲಿ ಜಾಗಗಳಿಲ್ಲವೇ? ಬೇಕಾದಷ್ಟಿವೆ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿಗೆ ಅಜ್ಜಿ ದಿನವೂ ಹೋಗುತ್ತಾಳೆ. ಐದು ರೂಪಾಯಿಯ ತಿಂಡಿಗೆ ಟೋಕನ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ, ಆ ಸಾಲು ಇಪ್ಪತ್ತು ಅಡಿಗಿಂತ ಉದ್ದವಿದೆ, ಎದುರಿಗೆ ಖಾಲಿ ಗೋಡೆ ಇದೆ. ನಗರದಲ್ಲಿ ಲಕ್ಷ ಜನರಿಗೆ ಒಂದರಂತೆ ವಸತಿರಹಿತರಿಗೆ ರಾತ್ರಿ ತಂಗುದಾಣ ಇರಬೇಕೆಂದು ನಿಯಮವಿದೆ. ಎಷ್ಟೋ ಕಡೆ ಇವೆಯೂ ಕೂಡ. ಅಂಗನವಾಡಿ ಇದೆ, ಪಡಿತರ ಅಂಗಡಿ ಇದೆ, ದೇವಸ್ಥಾನದ ದಾಸೋಹದ ಪಂಕ್ತಿ ಇದೆ. ಬಾಗಿಲಿಲ್ಲದವರು ದಿನಕ್ಕೊಮ್ಮೆಯಾದರೂ ತಾವಾಗಿಯೇ ಬಂದು ಕೂರುವ ಜಾಗಗಳು ಇವು. ಆ ಚಾರ್ಟಿನ ಹುಡುಗಿಯಂಥವರು ಟಾರ್ಚು, ಲೆನ್ಸಿನ ಡಬ್ಬಿ ಹಿಡಿದು ವಾರಕ್ಕೊಂದು ಸಂಜೆ ಅಲ್ಲಿ ಕೂತರೆ ಮುಗಿಯಿತು. ಆಪರೇಷನ್ ಆದವರು ತಂಗುದಾಣದಲ್ಲಿ ತಿಂಗಳಿದ್ದರೆ ಹನಿಯೂ ಬೀಳುತ್ತದೆ, ದೂಳೂ ತಪ್ಪುತ್ತದೆ.

ಆದರೆ ನಮ್ಮ ಆಡಳಿತದಲ್ಲಿ ಅಜ್ಜಿ ಅನ್ನುವ ಒಬ್ಬ ವ್ಯಕ್ತಿ ಇಲ್ಲ. ಅವಳ ಕಣ್ಣು ಆರೋಗ್ಯ ಇಲಾಖೆಗೆ ಸೇರಿದ್ದು, ಹೊಟ್ಟೆ ಪಾಲಿಕೆಗೆ, ನಿದ್ದೆ ತಂಗುದಾಣದ ಯೋಜನೆಗೆ. ಮೂವರೂ ಒಂದೇ ಗೋಡೆಗೆ ಮೊಳೆ ಹೊಡೆಯಬೇಕಾದರೆ ಸಮನ್ವಯ ಸಮಿತಿ ಬೇಕು, ಸಮಿತಿಗೆ ಅಧ್ಯಕ್ಷರು ಬೇಕು, ಅಧ್ಯಕ್ಷರಿಗೆ ಪೇಟ ಬೇಕು. ಒಂದು ದಾರಿ ಮಾತ್ರ ಸಲೀಸಾಗಿದೆ. ಅಜ್ಜಿಯ ಕಣ್ಣು ಪೂರ್ತಿ ಹೋಗಿ, ಹೂ ಬಿಟ್ಟು, ಅದೇ ಕಂಬದ ಬುಡದಲ್ಲಿ ಕೈ ಚಾಚಿದಳು ಅನ್ನಿ. ಆಗ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ಹಿಡಿದು ಕರೆದೊಯ್ಯಲು ಜನ ಇದ್ದಾರೆ, ಇರಿಸಲು ಸಮಾಜ ಕಲ್ಯಾಣ ಇಲಾಖೆಯ ನಿರಾಶ್ರಿತರ ಪರಿಹಾರ ಕೇಂದ್ರ ಇದೆ, ಖರ್ಚಿಗೆ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಕಟ್ಟುವ ನೂರಕ್ಕೆ 3ರ ಭಿಕ್ಷುಕರ ಉಪಕರ ಇದೆ. ಸದ್ಯಕ್ಕೆ ಅವಳು ದುಡಿದು ತಿನ್ನುತ್ತಿದ್ದಾಳೆ. ಹಾಗಾಗಿ ಅರ್ಹಳಲ್ಲ.

ಲಾಭದ ಭಾಷೆಯಲ್ಲೇ ಹೇಳಿ ಅನ್ನುವವರಿಗೆ ಅದೂ ಇದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೂಲಿಯವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹತ್ತಿರದ ಕನ್ನಡಕ ಕೊಟ್ಟು ನೋಡಿದರು. 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎಲೆ ಕೀಳುವ ಪ್ರಮಾಣ, ಕನ್ನಡಕ ಇಲ್ಲದವರಿಗಿಂತ ಇವರದು ಶೇಕಡಾ 21.7 ಹೆಚ್ಚು ಏರಿತ್ತು. ಇದನ್ನು ನಾನು ನಮ್ಮ ಶಿಬಿರದ ಸಂಚಾಲಕರಿಗೆ ಹೇಳಿದೆ. “ಚಹಾ ಅಂದಾಗ ನೆನಪಾಯ್ತು” ಅಂದವರು ಎದ್ದು ಹೋಗಿ ಅತಿಥಿಗಳ ಕಾಫಿ ತಿಂಡಿ ವಿಚಾರಿಸಿಕೊಂಡು ಬಂದರು.

ಲಂಡನ್ನಿನಲ್ಲಿ ಬೀದಿಯಲ್ಲಿ ಮಲಗುವವರು ಹಗಲು ಬಂದು ಬಿಸಿ ಊಟ ಮಾಡುವ ಕೇಂದ್ರಗಳಲ್ಲೇ ಕಣ್ಣಿನ ಚಿಕಿತ್ಸಾಲಯ ನಡೆಸುವ ಸಂಸ್ಥೆಯೊಂದಿದೆ, ವಿಷನ್ ಕೇರ್ ಫಾರ್ ಹೋಮ್‌ಲೆಸ್ ಪೀಪಲ್ ಅಂತ. ಆ ದೇಶದಲ್ಲೂ ಮನೆ ಇಲ್ಲ ಅನ್ನುವುದೊಂದೇ ಸರ್ಕಾರದ ಉಚಿತ ತಪಾಸಣೆಗೆ ಸಾಲದು, ಭತ್ಯೆಯಂಥದೊಂದು ಕಾಗದ ಇರಬೇಕು. ನಮಗೆ ಕಾಗದ ಕಲಿಸಿದ ಗುರುಗಳು ಅವರೇ ಅಲ್ಲವೇ. ಆದರೂ ಊಟದ ಜಾಗಕ್ಕೇ ಚಾರ್ಟು ಒಯ್ಯುವಷ್ಟು ಬುದ್ಧಿ ಅವರಿಗೆ ಬಂದಿದೆ, ಅದಕ್ಕೆ ಸಮುದಾಯ ಭವನ ಬೇಕಾಗಿಲ್ಲ.

ಶಿಬಿರದ ಮಾರನೆಯ ದಿನ ಪತ್ರಿಕೆಯಲ್ಲಿ ಅಜ್ಜಿಯ ಫೋಟೋ ಬಂತು. ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, “ಯಾರಪ್ಪಾ ಇದು?” ಅಂದಳು. ಆಮೇಲೆ ಪಕ್ಕದ ಬೀದಿಯ ಫುಟ್‌ಪಾತಿನಲ್ಲಿ ನೂರಿಪ್ಪತ್ತು ರೂಪಾಯಿಗೆ ಪ್ಲಸ್ ಮೂರರ ಕನ್ನಡಕ ಕೊಂಡೆವು. ಮಾರುವವನು ವಿಳಾಸ ಕೇಳಲಿಲ್ಲ. ಎಡಗಣ್ಣಿನಲ್ಲಿ ಈಗ ನೂರಕ್ಕೂ ಇನ್ನೂರಕ್ಕೂ ವ್ಯತ್ಯಾಸ ತಿಳಿಯುತ್ತದೆ, ಬಲಗಣ್ಣಿನ ಪೊರೆ ಹಾಗೇ ಇದೆ.

ಮೊನ್ನೆ ಅದೇ ಮೆಟ್ರೋ ಕಂಬಕ್ಕೆ, ಅಜ್ಜಿಯ ತಲೆಯ ಮೇಲೇ, ಎರಡನೇ ಬೃಹತ್ ಶಿಬಿರದ ಫ್ಲೆಕ್ಸು ಕಟ್ಟಿದ್ದಾರೆ. ಮುಖಗಳು ಈಗ ಹದಿನೆಂಟು. ಕೆಳತುದಿಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಒಂದು ಸಾಲಿದೆ. ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ಓದಿದೆ: ‘ವಿಳಾಸದ ದಾಖಲೆ ಕಡ್ಡಾಯ.’